ಬೋಗಿಗೆ ಕಿಟಕಿ ಎಷ್ಟು?

ಸಮಸ್ತ ನಾಗರಿಕರ ಗಮನಕ್ಕೆ: ಇಂದು ಬೆಳಗಿನ ಐದೂ ಮುಕ್ಕಾಲಿಗೆ, ಹಿತ್ತಿಲ ಕೋಣೆಯೊಂದರಲ್ಲಿ, ಅಂಗಿ ಗುಂಡಿಯಷ್ಟು ಅಗಲದ ನಾಲ್ಕನೇ ಚಕ್ರವು ಹಳಿಯನ್ನು ಮುಟ್ಟಿದೆ. ಉಳಿದ ಮೂರು ನಿನ್ನೆಯೇ ಮುಟ್ಟಿದ್ದವು.

ಸಾಕ್ಷಿ, ಹಳೇ ಪತ್ರಿಕೆಯ ಒಂದು ಚೂರು. ಬೀದಿಯವರೆಲ್ಲ ‘ಬೋಗಿ ಮಾಮ’ ಎಂದು ಕರೆಯುವ ಕುಶಲಕರ್ಮಿ ಅದನ್ನು ಚಕ್ರದಡಿ ಸಿಕ್ಕಿಸಿ ಎಳೆಯುತ್ತಾರೆ. ಬರುವುದಿಲ್ಲ. ಹಳಿಯ ಒಂದು ಬದಿಗೆ ಬೆಂಕಿಕಡ್ಡಿ ಕೊಟ್ಟು ಎತ್ತರಿಸಿ ಎಳೆಯುತ್ತಾರೆ. ಆಗಲೂ ಬರುವುದಿಲ್ಲ.

“ಕಚ್ಕೊಂತು ಕಣೇ,” ಎಂದು ಹೆಂಡತಿಗೆ ಕೂಗುತ್ತಾರೆ.

“ಯಾರನ್ನ?” ಒಳಗಿಂದ ಉತ್ತರ.

ಮಾಮ ಮಾಡುವುದು ಮಾದರಿ ರೈಲು ಎಂಜಿನ್ನುಗಳ ಹೊಟ್ಟೆಯಡಿಯ ಚಕ್ರಗಾಡಿ. ಕಸುಬಿನವರ ಬಾಯಲ್ಲಿ ಅದೇ ಬೋಗಿ. ನಾಲ್ಕೂ ಚಕ್ರ ಬಿಗಿಯಾಗಿದ್ದರೆ, ಹಳಿ ಕೂದಲೆಳೆಯಷ್ಟು ಏರುಪೇರಾದರೂ ಒಂದು ಚಕ್ರ ಗಾಳಿಯಲ್ಲಿ, ಆಮೇಲೆ ಎಂಜಿನ್ನು ನೆಲದಲ್ಲಿ. ಮಾಮನ ಬೋಗಿಯಲ್ಲಿ ಒಂದು ಅಚ್ಚು ಬಿಗಿ. ಇನ್ನೊಂದು ನಡುಮೊಳೆಯ ಮೇಲೆ ತಕ್ಕಡಿಯಂತೆ ತೂಗುತ್ತದೆ. “ನಾಲ್ಕು ಕಾಲಿನ ಸ್ಟೂಲು ಕುಂಟುತ್ತೆ, ಮೂರು ಕಾಲಿಂದು ಎಲ್ಲಿಟ್ರೂ ಕೂರುತ್ತೆ. ನಾನು ನಾಲ್ಕು ಕಾಲಿಗೆ ಮೂರು ಕಾಲಿನ ಬುದ್ಧಿ ಕಲಿಸ್ತೀನಿ, ಅಷ್ಟೆ.”

ರೇಡಿಯೋ ರಿಪೇರಿ ಅಂಗಡಿ ಮುಚ್ಚಿ ಕೈಕಟ್ಟಿ ಕೂತಿದ್ದ ಮಾಮನ ಬಳಿಗೆ, ಪದೇ ಪದೇ ಹಳಿ ತಪ್ಪುವ ಎಂಜಿನ್ ಹಿಡಿದು ಬಂದವರು ಪಕ್ಕದ ಬೀದಿಯ ಹಲ್ಲಿನ ಡಾಕ್ಟರು. ಅದಾಗಿ ಇಪ್ಪತ್ತೆರಡು ವರ್ಷ. ಅಂದಿನಿಂದ ವಾರಕ್ಕೆ ಎರಡೇ ಬೋಗಿ, ಬೋಗಿಗೆ ಮೂವತ್ತೊಂದು ಹಿತ್ತಾಳೆ ತುಂಡು, ಬಗ್ಗಿ ಬಗ್ಗಿ ನೋಯುವ ಕತ್ತಿಗೊಂದು ಪಟ್ಟಿ, ಬೆರಳಿಗೆ ಲೆಕ್ಕವಿಲ್ಲದ ಬೊಬ್ಬೆ. ಡಾಕ್ಟರ ಎಂಜಿನ್ನು ವಾರ್ಷಿಕ ಪ್ರದರ್ಶನದಲ್ಲಿ ಒಂಬತ್ತು ಸಲ ಕಪ್ ಗೆದ್ದಿದೆ. ಕಪ್ಪಿನ ಕೆಳಗೆ ಎಂಜಿನ್ನು, ಎಂಜಿನ್ನಿನ ಕೆಳಗೆ ಬೋಗಿ, ಎಲ್ಲಕ್ಕಿಂತ ಕೆಳಗೆ ಮಾಮ.

“ಬೋಗಿ ಮಾಡಿ ಭೋಗಿ ಆಗ್ತಾರೆ ಅನ್ಕೊಂಡಿದ್ದೆ. ಯೋಗಿ ಆಗ್ಬಿಟ್ರು,” ಎನ್ನುತ್ತಾರೆ ಹೆಂಡತಿ.

ಈ ವರ್ಷ ಪ್ರದರ್ಶನದವರು ಹೊಸ ಬಹುಮಾನ ಸಾರಿದ್ದಾರೆ: ಅತ್ಯುತ್ತಮ ಬೋಗಿ. ಸುದ್ದಿ ಕೇಳಿದ ಮಾಮ ನಾಲ್ಕು ತಿಂಗಳಿಂದ ಬೇರೆ ಕೆಲಸ ಮುಟ್ಟಿಲ್ಲ. ಈ ಬೋಗಿಯ ತಲೆಯ ಮೇಲೆ ಎಂಜಿನ್ನು ಕೂರುವುದಿಲ್ಲ. ಕೆಳಗೆ ಗೇಣುದ್ದ ಹಳಿ, ಹಳಿಯಡಿ ಕನ್ನಡಿ, ಪಕ್ಕದಲ್ಲಿ ಮೊದಲ ಬಾರಿಗೆ ಅವರದೇ ಹೆಸರಿನ ಚೀಟಿ. “ಒಂದ್ಸಲನಾದ್ರೂ ಜನ ಬಗ್ಗದೇ ಇದನ್ನ ನೋಡ್ಲಿ.”

ಹತ್ತು ಗಂಟೆಗೆ, ಇಸ್ತ್ರಿ ಬಟ್ಟೆಯಲ್ಲಿ, ದಂಪತಿ ನೋಂದಣಿ ಮೇಜಿನ ಮುಂದಿದ್ದಾರೆ. ಮೇಜಿನ ಹಿಂದಿನ ಹೆಂಗಸು ಅರ್ಜಿ ತಿರುಗಿಸುತ್ತಾರೆ.

“ಸಾರ್, ಕಿಟಕಿ ಎಷ್ಟು ಅಂತ ಬರೆದಿಲ್ಲ?”

ಊರೆಲ್ಲ ಬೋಗಿ ಅನ್ನುವುದು ಜನ ಕೂರುವ ಡಬ್ಬಿಗೆ. ಇಪ್ಪತ್ತೆರಡು ವರ್ಷ ಚಕ್ರಗಳ ಜೊತೆಗೇ ಮಾತಾಡಿಕೊಂಡಿದ್ದ ಮಾಮನಿಗೆ ಅದು ಮರೆತೇ ಹೋಗಿದೆ. ನಿಯಮ ಏಳು: ಕನಿಷ್ಠ ಎರಡು ಕಿಟಕಿ, ಒಂದು ಬಾಗಿಲು. ಅಚ್ಚಿನ ತೂತನ್ನೇ ಕಿಟಕಿ ಅಂತ ತೋರಿಸಿಬಿಡಿ ಎಂದು ಹೆಂಡತಿ ಪಿಸುಗುಡುತ್ತಾರೆ. ಮಾಮ ಪೆನ್ನು ಹಿಡಿದು ಯೋಚಿಸಿ, ದುಂಡಗೆ ಸೊನ್ನೆ ಬರೆಯುತ್ತಾರೆ. ಅರ್ಜಿ ವಾಪಸ್ಸಾಗುತ್ತದೆ.

ಮಾಮ ಬೋಗಿಯನ್ನು ಹಳಿಸಮೇತ ಮೇಜಿನ ಮೇಲಿಟ್ಟು, ಅರ್ಜಿಯ ಅಂಚನ್ನು ಹರಿದು ಚಕ್ರದಡಿ ಸಿಕ್ಕಿಸಿ ಎಳೆಯುತ್ತಾರೆ. ಬರುವುದಿಲ್ಲ. ಮೇಜಿನ ಹಿಂದಿನ ಹೆಂಗಸು ಕುತೂಹಲಕ್ಕೆ ಬಗ್ಗಿ ನೋಡುತ್ತಾರೆ.

“ನಿಮ್ಮದೂ ಸರಿನೇ ಬಿಡಿ,” ಎನ್ನುತ್ತಾರೆ ಮಾಮ. “ನಿಮ್ಮ ಬೋಗೀಲಿ ಜನ ಕೂರ್ತಾರೆ. ನಂದು ತಾನೇ ಕೂರುತ್ತೆ.”