ಅಮಾವಾಸ್ಯೆಯ ದಿನದ ಸಂದರ್ಶನ

೧೯೭೮ರಲ್ಲಿ ಎಂ.ಎಸ್ಸಿ. ಮುಗಿಸಿ ಆಂಧ್ರದ ಆದವಾನಿಯ ಮನೆಯಲ್ಲಿದ್ದೆ. ಗಣಿತದಲ್ಲಿ ಸಂಶೋಧನೆ ಮಾಡಲೇಬೇಕೆಂಬ ಹಟ. ಮದರಾಸಿನಿಂದ ಸಂದರ್ಶನಕ್ಕೆ ಕರೆ ಬಂತು. ಎರ್ಗೋಡಿಕ್ ಸಿದ್ಧಾಂತವೆಂಬ ಗಣಿತಶಾಖೆಯ ಪ್ರಾಧ್ಯಾಪಕರೊಬ್ಬರ ಬಳಿ ಇದ್ದದ್ದು ಒಂದೇ ಜಾಗ. ಹೇಳಿದ ದಿನ ಹೋಗದಿದ್ದರೆ ಅದು ಬೇರೆಯವರ ಪಾಲು. ಪಂಚಾಂಗ ನೋಡಿದರೆ ಆ ದಿನ ಅಮಾವಾಸ್ಯೆ.

ಅಪ್ಪ ಮನೆಯಲ್ಲೇ ಹುಡುಗರಿಗೆ ವೇದ ಹೇಳಿಕೊಡುತ್ತಿದ್ದರು. ಅಮಾವಾಸ್ಯೆಯೆಂದರೆ ಅನಧ್ಯಯನ, ಪಾಠ ಹೇಳುವಂತಿಲ್ಲ, ಕೇಳುವಂತಿಲ್ಲ. ಮಂತ್ರಾಲಯದಿಂದ ಬಂದಿದ್ದ ದೊಡ್ಡಪ್ಪ ಊಟ ಮುಗಿಸಿ ಶುರುಮಾಡಿದರು.

"ಅಮಾಸಿ ದಿನ ನಮ್ಮ ಹುಡುಗ್ರು ಪುಸ್ತಕಾ ಮುಟ್ಟಂಗಿಲ್ಲ. ಇಕಿ ಮದರಾಸಿಗೆ ಹೋಗಿ ಪಾಠ ಒಪ್ಪಿಸ್ತಾಳೇನು?"

"ಬ್ಯಾರೆ ದಿನ ಕೊಡಂಗಿಲ್ಲಂತ, ಅಣ್ಣಾ," ಎಂದರು ಅಪ್ಪ.

"ಹಂಗಾದ್ರ ಬ್ಯಾಡ ಬಿಡು. ಅಷ್ಟಕ್ಕೂ ಅದೇನು ವಿದ್ಯಾನ? ಬರೇ ಲೆಕ್ಕ. ಹೊಟ್ಟಿಪಾಡು."

ಆಗ ನಾನು ಅಂದೆ, ಅಥವಾ ಅಂದೆನೆಂದು ನಂಬಿಕೊಂಡಿದ್ದೇನೆ: "ವಿದ್ಯಾನ ಅಲ್ಲ ಅಂದಮ್ಯಾಲೆ ಅದಕ್ಕ ಅನಧ್ಯಯನ ಎಲ್ಲಿಂದ ಬಂತ್ರಿ?"

ಅಪ್ಪ ಶಲ್ಯ ಅಡ್ಡ ಹಿಡಿದು ನಕ್ಕರು. ದೊಡ್ಡಪ್ಪ ಇನ್ನೊಂದು ಅಡಿಕೆ ಬಾಯಿಗೆ ಹಾಕಿಕೊಂಡು, "ಸರೇ, ಪೋನೀ. ಹೋಗಿ ಬರ್ಲಿ. ಈ ಮನ್ಯಾಗ ಗ್ವಾಡಿಗೂ ವಾದಾ ಮಾಡ್ಲಿಕ್ಕೆ ಬರ್ತದ," ಎಂದರು. ಜೊತೆಗೆ ಅಪ್ಪನೇ ಬಂದರು. ಹೇಗೂ ಅಂದು ಅವರಿಗೆ ಪಾಠವಿರಲಿಲ್ಲ!

ಸಂದರ್ಶನದಲ್ಲಿ ಕರಿಹಲಗೆಯ ಮುಂದೆ ನಿಲ್ಲಿಸಿದರು. ಒಂದೇ ಬಿಂದುವನ್ನು ಬಹಳ ಕಾಲ ಅಲೆಯಲು ಬಿಟ್ಟು ತೆಗೆದ ಸರಾಸರಿ, ಇಡೀ ಜಾಗವನ್ನು ಒಮ್ಮೆಲೇ ನೋಡಿ ತೆಗೆದ ಸರಾಸರಿ, ಇವೆರಡೂ ಯಾವಾಗ ಒಂದೇ ಆಗುತ್ತವೆ ಎಂಬುದು ಪ್ರಶ್ನೆ. ಅರ್ಧಕ್ಕೆ ಸಿಕ್ಕಿಕೊಂಡೆ. ಪ್ರಾಧ್ಯಾಪಕರು, "ಸಾಕು, ಕುಳಿತುಕೊಳ್ಳಿ," ಎಂದರು. ಕುಳಿತರೆ ಅಲ್ಲಿಗೆ ಮುಗಿಯಿತೆಂದು ಗೊತ್ತಾಯಿತು. "ಇನ್ನೊಮ್ಮೆ ಮೊದಲಿನಿಂದ ಮಾಡುತ್ತೇನೆ, ಸರ್," ಎಂದು ಅವರ ಉತ್ತರಕ್ಕೂ ಕಾಯದೆ ಹಲಗೆ ಒರೆಸಿದೆ. ಈ ಸಲ ಕೊನೆ ಮುಟ್ಟಿತು.

ಜಾಗ ಸಿಕ್ಕಿತು. ಪಿಎಚ್‌.ಡಿ. ಆಯಿತು, ಅಧ್ಯಾಪಕಿಯಾದೆ, ಎಂಬತ್ತರ ದಶಕದ ಕೊನೆಗೆ ಫ್ರ್ಯಾಕ್ಟಲ್ ಜ್ಯಾಮಿತಿಯ ಕಡೆ ಹೊರಳಿದೆ.

ದೊಡ್ಡಪ್ಪನಿಗೆ ಕೊಟ್ಟ ಆ ಉತ್ತರವನ್ನು ನನ್ನದೆಂದೇ ಎಲ್ಲರಿಗೂ ಹೇಳುತ್ತ ಬಂದೆ. ಆದರೆ ವರ್ಷ ಕಳೆದಂತೆ ಅದು ಅಡುಗೆಮನೆಯ ಬಾಗಿಲಿನಿಂದ, ಅಮ್ಮನ ದನಿಯಲ್ಲಿ ಕೇಳಿಸತೊಡಗಿತು. ಆ ವಯಸ್ಸಿನಲ್ಲಿ ದೊಡ್ಡಪ್ಪನಿಗೆ ಎದುರಾಡುವ ಧೈರ್ಯ ನನಗಿತ್ತೇ? ಆದರೆ ಅಮ್ಮ ಭಾವನ ಎದುರು ಬಾಯಿ ತೆರೆದದ್ದನ್ನೂ ನಾನು ಕಂಡಿರಲಿಲ್ಲ. ಕೊನೆಗೊಮ್ಮೆ ಅಮ್ಮನನ್ನೇ ಕೇಳಿದೆ.

"ಯಾರಂದ್ರೇನು? ಹೋದಾಕಿ ನೀನು," ಎಂದು ಅಮ್ಮ ಒಳಗೆ ಹೋದರು. 'ಅಂದಾಕಿ ನಾನಲ್ಲ' ಎಂದು ಮಾತ್ರ ಅವರು ಹೇಳಲಿಲ್ಲ.