ಚಪ್ಪಲಿಯಡಿಯ ನೇರಳೆ ಕುಡಿ

ಕುಂಡದ ಗಿಡದ ತುದಿ ಚಿವುಟಿದರೆ ಉಗುರಿನ ಸಂದಿಗೆ ನೇರಳೆ ರಸ ಇಳಿಯುತ್ತದೆ. ಇವತ್ತು ಬೆಳಿಗ್ಗೆಯೂ ಇಳಿಯಿತು. ಆ ಕಲೆಯನ್ನು ತೊಳೆಯುತ್ತಿದ್ದಾಗ ಹೊಸಪೇಟೆಯ ನಮ್ಮ ಹಳೆಯ ಬಾಡಿಗೆ ಮನೆಯ ಒಡತಿ ನೆನಪಾದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ... ಬರೆಯಲಾರೆ.

ಅವರ ಕಟ್ಟೆಯ ಮೇಲೆ ಒಂದು ಕುಂಡವಿತ್ತು. ಎಲೆ, ದಂಟು ಎಲ್ಲ ಬದನೆಕಾಯಿ ಬಣ್ಣ. ಅದಿರಿನ ಲಾರಿಗಳ ಕೆಂಪು ಧೂಳು ಅದರ ಮೇಲೆ ಕೂರುತ್ತಿತ್ತು; ಅಮ್ಮ ದಿನಾ ನೀರು ಚಿಮುಕಿಸಿ ತೊಳೆಯುತ್ತಿದ್ದಳು. ಒಂದು ಕುಡಿ ಸಿಕ್ಕೀತೆಂಬ ಆಸೆ. ಗಿಡ ಪೊದೆಯಾಗಲೆಂದು ಒಡತಿ ವಾರಕ್ಕೊಮ್ಮೆ ತುದಿ ಚಿವುಟುತ್ತಿದ್ದರು. ಚಿವುಟಿದ್ದು ಬೇರೆಯವರ ಮನೆಯಲ್ಲಿ ಚಿಗುರಬಾರದೆಂದು ನೆಲಕ್ಕೆ ಹಾಕಿ ಚಪ್ಪಲಿಯಿಂದ ಹೊಸಕುತ್ತಿದ್ದರು.

"ಒಂದ ಕಡ್ಡಿ ಕೊಡ್ರಿ ಅಕ್ಕಾರ," ಎಂದು ಅಮ್ಮ ಕೇಳಿಯೇಬಿಟ್ಟಳು.

"ಬಾಡಿಗಿ ಮಂದಿಗೆ ಗಿಡ ಯಾಕವ್ವ? ಮನಿ ಖಾಲಿ ಮಾಡುವಾಗ ಪಾತ್ರಿ ಹೊರೋದ ಭಾಳ ಆಗತೈತಿ."

ಅಮ್ಮ ನಕ್ಕಳು. ಒಡತಿ ಅಮ್ಮನನ್ನು ಹಾಗೆ ನಗುವಂತೆ ಮಾಡಿದ್ದನ್ನು ನಾನು ಕ್ಷಮಿಸಲಿಲ್ಲ.

ತಮ್ಮ ಅಕ್ಕನಿಗೆ ಹುಷಾರಿಲ್ಲವೆಂದು ಒಡತಿ ಕಂಪ್ಲಿಗೆ ಹೋದರು. ಎರಡು ತಿಂಗಳೋ, ಮೂರೋ... ಕುಂಡವನ್ನು ಅಮ್ಮನಿಗೆ ಒಪ್ಪಿಸಿದ್ದರು. ನೆರಳಿಗೆ ಸಿಕ್ಕ ಅಡಿಯ ಎಲೆಗಳು ಹಸಿರಾಗುವುದನ್ನು ನಾನು ನೋಡಿಟ್ಟುಕೊಂಡಿದ್ದೆ. ಬಿಸಿಲಿಗೆ ಗಿಡ ಸುಡುತ್ತದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ ಎಂದು ಅಮ್ಮನನ್ನು ನಂಬಿಸಿ, ಕುಂಡವನ್ನು ಮೆಟ್ಟಿಲ ಕೆಳಗಿಟ್ಟೆ. ಹುಡುಗಾಟಕ್ಕೆ ಮಾಡಿದೆ ಎನ್ನುತ್ತದೆ ನೆನಪು, ನನ್ನನ್ನು ಪಾರುಮಾಡಲು. ಸುಳ್ಳು. ಗೊತ್ತಿದ್ದೇ ಮಾಡಿದೆ. ದಂಟುಗಳು ಪೇಲವವಾಗಿ ಜೋತುಬಿದ್ದವು, ಗಿಡ ಪೂರ್ತಿ ಹಸಿರಾಯಿತು. ಅಮ್ಮ ಗಾಬರಿಯಾದಳು, ನಾನು ಒಳಗೊಳಗೇ ಕುಣಿದೆ.

ಒಡತಿ ಬಂದವರೇ ಓಣಿ ಕೂಡಿಸಿದರು. "ಗಿಡಾನ ಬದ್ಲಿ ಮಾಡೀಯಲ್ಲ! ನಂದು ಎಲ್ಲಿ ಮುಚ್ಚಿಟ್ಟಿ?"

"ದೇವರಾಣಿ ನಿಮ್ದ ಐತ್ರಿ ಅಕ್ಕಾರ."

"ನನ್ನ ಗಿಡದ ಗುರ್ತು ನಂಗಿಲ್ಲೇನು? ಈ ಹುಲ್ಲು ನೀನ ಇಟ್ಕೊ. ಜಲ್ದಿ ಮನಿ ಖಾಲಿ ಮಾಡು."

ಓಣಿಯ ಎದುರು ಅಮ್ಮ ಕಳ್ಳಿಯಾದಳು. ನಾನು ಬಾಯಿ ಬಿಡಲಿಲ್ಲ. ಹೊರಡುವಾಗ ಅಮ್ಮ ಆ ಕುಂಡವನ್ನು ಅವರ ಹೊಸ್ತಿಲಲ್ಲೇ ಬಿಟ್ಟಳು. ನಾನು ಒಂದು ದಂಟು ಮುರಿದು ಶಾಲೆಯ ಪಾಟೀಚೀಲಕ್ಕೆ ಹಾಕಿಕೊಂಡೆ.

ಕಡ್ಡಿರಾಂಪುರದ ಹೊಸ ಮನೆಯ ಬಿಸಿಲಲ್ಲಿ ಅದು ಬೇರು ಬಿಟ್ಟು ಮತ್ತೆ ನೇರಳೆಯಾಯಿತು. ಅಮ್ಮ ಎಲೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬದುಕಿರುವವರೆಗೆ ಅದಕ್ಕೊಂದು ಚೊಂಬು ನೀರು ಹಾಕಲಿಲ್ಲ.

ಅದೇ ಗಿಡದ ಕುಡಿಗಳನ್ನು ಕೇಳದವರಿಗೂ ಕೊಡುತ್ತಾ ಬಂದಿದ್ದೇನೆ. ಸಂಡೂರಿಗೆ ಕೊಟ್ಟೆ, ಕಂಪ್ಲಿಗೆ ಕೊಟ್ಟೆ, ಒಡತಿಯ ಓಣಿಯಲ್ಲಿ ಒಂದು ಕಟ್ಟೆಯನ್ನೂ ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಬಾಗಿಲು ತೆರೆದರೆ ಎದುರಿಗೆಲ್ಲ ಅದೇ ಬಣ್ಣ. ಒಮ್ಮೆ ಅವರು ಅದನ್ನು ನೋಡುತ್ತಾ ನಿಂತಿದ್ದನ್ನು ಕಣ್ತುಂಬ ಕಂಡೆ. ಇವತ್ತಿಗೂ ಅದು ನನಗೆ ರುಚಿಯೇ.

ಇವತ್ತು ಚಿವುಟಿದ ಕುಡಿ ಕಿಟಕಿಯ ಹತ್ತಿರ ನೀರಿನ ಲೋಟದಲ್ಲಿದೆ. ಯಾರಿಗಾದರೂ ಕೊಡುತ್ತೇನೆ. ಬಾಯಿಬಿಟ್ಟು ಕೇಳಿದ್ದವಳು ಒಬ್ಬಳೇ... ಅವಳ ಕೈಗೆ ಮಾತ್ರ ಇಡಲಾಗಲಿಲ್ಲ.