ಕೌದಿಯ ಹೊಟ್ಟೆಯ ರೊಟ್ಟಿ

ಚಿತ್ರಕಲೆಗೆ ಗಡಿಯೇ ಇಲ್ಲ ಎಂದು ಇಂಡಿಯಂಥ ಸಣ್ಣ ಊರಿನಲ್ಲಿ ಕೂತು ಹೇಳುವುದು ಸುಲಭ, ಕೇಳುವವರು ಯಾರೂ ಇರುವುದಿಲ್ಲ. ನಾನು ಹೇಳುತ್ತಲೇ ಬಂದೆ. ಮೊದಲು ಚೌಕಟ್ಟು ಬಿಟ್ಟೆ. ಆಮೇಲೆ ಕುಂಚವನ್ನೂ ಬಿಟ್ಟು ಎರೆಮಣ್ಣು ಕಲಸಿ ಬಟ್ಟೆಗೆ ಬಳಿದೆ. ಚಡಚಣದ ದ್ರಾಕ್ಷಿ ತೋಟದಲ್ಲಿ ಕ್ಯಾನ್ವಾಸ್ ಹಾಸಿ, ಹಣ್ಣು ತುಳಿದು ಒಂದು ಚಿತ್ರ ಮಾಡಿದೆ. ಅದನ್ನು ನೊಣಗಳ ಹೊರತು ಮತ್ತಾರೂ ಮೆಚ್ಚಲಿಲ್ಲ. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ.

ಕೊನೆಗೊಮ್ಮೆ ಹಳೆಯ ಚಿತ್ರಗಳನ್ನೆಲ್ಲ ಕತ್ತರಿಸಿ, ಮಸೂತಿ ಎಂಬ ಹಳ್ಳಿಯಲ್ಲಿದ್ದ ಚಿಗವ್ವನ ಮುಂದೆ ಸುರಿದೆ. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಕೌದಿ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ನನ್ನ ಚಿತ್ರಗಳೂ ಅವಳ ಕೈಯಲ್ಲಿ ಕೌದಿಯಾಗಲಿ ಎಂಬುದು ನನ್ನ ಆಸೆ.

“ಇದೇನೋ, ಅರಿವಿ ಹಿಂಗ ಖಡಕ್ ಅದಾವು? ಸೂಜಿ ಮುರೀತಾವ,” ಎಂದು ಬೈದಳು. ಬೈಯುತ್ತಲೇ ಹೊಲಿದಳು. ನಾನೂ ಪಕ್ಕದಲ್ಲಿ ಕೂತು ಹೊಲಿದೆ. ಅವಳು ನನ್ನ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಳು.

ಮುಗಿದ ಕೌದಿಯ ಫೋಟೊ ಕಳಿಸಿದ್ದೆ, ಅದನ್ನು ನೋಡಿ ಬೆಂಗಳೂರಿನ ಗ್ಯಾಲರಿಯೊಂದು ದೊಡ್ಡ ಪ್ರದರ್ಶನಕ್ಕೆ ಕರೆಯಿತು. ಇಷ್ಟು ವರ್ಷಗಳ ನನ್ನ ಹುಚ್ಚಿಗೆ ಸಿಕ್ಕ ಮೊದಲ ಕರೆ. ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರಿಗೂ ಚಹಾ ಕುಡಿಸಿದೆ. ಕೌದಿಯ ಒಳಗೇನಿದೆ ಎಂದು ಗ್ಯಾಲರಿಯ ಮೇಡಂ ಫೋನಿನಲ್ಲಿ ಕೇಳಿದರು. ಹೆಮ್ಮೆಯಿಂದ ಹೇಳಿದೆ: ಕೊನೆಯ ಮೂಲೆ ಮುಚ್ಚುವ ಮೊದಲು ಚಿಗವ್ವ ಒಂದು ತುಣುಕು ಜೋಳದ ರೊಟ್ಟಿ ಇಟ್ಟಿದ್ದಾಳೆ, ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರೂ ಉಪವಾಸ ಬೀಳುತ್ತಾರೆ ಎಂದು ಅವಳ ನಂಬಿಕೆ.

“ತಿನ್ನುವ ಪದಾರ್ಥ ಒಳಗೆ ಬಿಡುವುದಿಲ್ಲ. ಹುಳ ಬಂದರೆ ಬೇರೆಯವರ ಚಿತ್ರಗಳ ಗತಿ? ತೆಗೆದು ಕಳಿಸಿ, ಇಲ್ಲವಾದರೆ ಬೇಡ,” ಎಂದರು.

ಚಿಗವ್ವನಿಗೆ ಹೇಳಿದೆ. “ಉಂಡಿದ್ದನ್ನ ಹೊಟ್ಟಿ ಸೀಳಿ ತಗೀತಾರೇನೋ?” ಎಂದು ಕತ್ತರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಆಗ ನನಗೊಂದು ಉಪಾಯ ಹೊಳೆಯಿತು. ರೊಟ್ಟಿ ತೆಗೆದು ರೊಟ್ಟಿಯ ಚಿತ್ರ ಇಟ್ಟರಾಯಿತು! ಬಿಟ್ಟ ಕುಂಚವನ್ನೇ ಮತ್ತೆ ಹಿಡಿದೆ. ಬಿಳಿಜೋಳದ ಬಣ್ಣ, ಹಂಚಿನ ಮೇಲೆ ಕರಕಾದ ಚುಕ್ಕಿ, ಬಿರಿದ ಅಂಚು, ಎಲ್ಲವನ್ನೂ ಬರೆದೆ. ಸುಳ್ಳು ಯಾಕೆ, ಅಷ್ಟು ಚೆನ್ನಾಗಿ ನಾನು ಏನನ್ನೂ ಬರೆದಿರಲಿಲ್ಲ.

ಚಿಗವ್ವ ಬೆಳಕಿಗೆ ಹಿಡಿದು ನೋಡಿದಳು. “ಖರೇ ರೊಟ್ಟಿ ಇದ್ದಂಗ ಐತಿ ನೋಡು,” ಎಂದಳು. ನಾನು ಉಬ್ಬಿಹೋದೆ. ಊಟದ ಹೊತ್ತಿಗೆ ನನ್ನ ತಾಟಿನಲ್ಲಿ ಆ ಚಿತ್ರವನ್ನೇ ಇಟ್ಟು, ಪಕ್ಕಕ್ಕೆ ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದಳು.

“ತಿನ್ನು. ನಿನ್ನ ಹೊಟ್ಟಿ ತುಂಬಿದ್ರ ಕೌದಿದೂ ತುಂಬತೈತಿ.”

ವಾದಕ್ಕೆ ಬಾಯಿ ತೆರೆದೆ, ಹೊಟ್ಟೆ ಗುರ್ರೆಂದಿತು. ಮೈಯೆಲ್ಲ ಉರಿದುಹೋಯಿತು, ಆದರೆ ಅವಳ ಮಾತು ಸುಳ್ಳಾಗಿರಲಿಲ್ಲ. ಅಂಗಳಕ್ಕೆ ಹೋಗಿ ಬೆಂಗಳೂರಿಗೆ ಫೋನು ಮಾಡಿದೆ.

“ಕೌದಿ ಬರೂದಿಲ್ರಿ ಮೇಡಂ. ಅದರ ಊಟ ಆಗೇತ್ರಿ.”

ಅವರು ಫೋನು ಇಟ್ಟರು.

ಒಳಗೆ ಬಂದಾಗ ಚಿಗವ್ವ ಚಿತ್ರವನ್ನು ಗೂಟಕ್ಕೆ ನೇತುಹಾಕಿ, ತಾಟಿಗೆ ಬಿಸಿ ರೊಟ್ಟಿ ಹಾಕಿದ್ದಳು. ನಾನು ಏನು ಕಳೆದುಕೊಂಡು ಬಂದೆನೆಂದು ಅವಳು ಕೇಳಲಿಲ್ಲ. ತಲೆ ತಗ್ಗಿಸಿ ತಿಂದೆ.

“ಇನ್ನೊಂದು ಹಾಕ್ಲೇನೋ?”

“ಹಾಕು,” ಎಂದೆ.